‘ಸಾಕಾಗಿದೆ’ ಅಂದವರ ಜೊತೆ ಮಾತಾಡುವ ಕೆಲಸ: ಕಲಿಯುವುದು ಎಲ್ಲಿ, ಹಣ ಎಲ್ಲಿಂದ, ನೌಕರಿ ಯಾವುದು

ರಾತ್ರಿ ಎರಡು ಗಂಟೆಗೆ ಸಹಾಯವಾಣಿಗೆ ಒಂದು ಕರೆ ಬರುತ್ತದೆ. ಆ ಕಡೆಯವರು ‘ಸಾಕಾಗಿದೆ ರೀ’ ಅನ್ನುತ್ತಾರೆ. ಆಮೇಲೆ ಮಾತಿಲ್ಲ, ಫ್ಯಾನಿನ ಸದ್ದು ಮಾತ್ರ. ಏನು ಸಾಕಾಗಿದೆ? ಕೆಲಸವಾ, ಸಾಲವಾ, ಗಂಡನ ಕುಡಿತವಾ, ಬದುಕೇನಾ? ಈ ಒಂದು ಮಾತನ್ನು ಬಿಡಿಸಿ ಕೇಳುವುದೇ ಮಾನಸಿಕ ತುರ್ತು ಸ್ಪಂದನೆಯ ಅರ್ಧ ಕೆಲಸ. ಪುಸ್ತಕದಲ್ಲಿರುವುದೆಲ್ಲ ಇಂಗ್ಲಿಷ್. ಬರುವ ಕರೆ ಕನ್ನಡ. ಅದೂ ಧಾರವಾಡದ್ದು ಒಂದು ಕನ್ನಡ, ಮಂಗಳೂರಿನದು ಇನ್ನೊಂದು, ಕಲಬುರಗಿಯದು ಮತ್ತೊಂದು. ಹಾಗಾಗಿ ಹಳ್ಳಿಯಲ್ಲಿ ಬೆಳೆದು ಇಂಗ್ಲಿಷ್ ಅಷ್ಟಾಗಿ ಬಾರದ ಹುಡುಗ ಹುಡುಗಿಯರಿಗೆ ಈ ಕ್ಷೇತ್ರದಲ್ಲಿ ಒಂದು ಅನುಕೂಲ ಇದೆ. ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ ಅಷ್ಟೇ. ಈ ಬರಹ ಮುಖ್ಯವಾಗಿ ಅವರಿಗೆ.

ಹೆಜ್ಜೆ 1: ಮೊದಲು ನಕ್ಷೆ ಗೊತ್ತಿರಲಿ

ನೌಕರಿ ಹುಡುಕುವ ಮುಂಚೆ ಈ ವ್ಯವಸ್ಥೆ ಹೇಗೆ ನಿಂತಿದೆ ಅಂತ ತಿಳಿಯಬೇಕು. ಇಲ್ಲದಿದ್ದರೆ ಯಾವ ಬಾಗಿಲು ತಟ್ಟಬೇಕು ಅಂತಲೇ ಗೊತ್ತಾಗುವುದಿಲ್ಲ.

ಕರೆಯಿಂದ ಶುರು ಮಾಡೋಣ. 14416 ಅನ್ನುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ನ ಸಂಖ್ಯೆ. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಇದಕ್ಕೆ ಚಾಲನೆ ಸಿಕ್ಕಿತು. ಇಡೀ ದೇಶಕ್ಕೆ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತಂತ್ರಜ್ಞಾನದ ಕೆಲಸ ಬೆಂಗಳೂರಿನ ಐಐಐಟಿಯದು. ದಿನದ 24 ಗಂಟೆಯೂ ಉಚಿತ. ಕರೆ ಮಾಡಿದವರು ಭಾಷೆ ಆರಿಸುತ್ತಾರೆ, ಮೊದಲು ತರಬೇತಾದ ಆಪ್ತ ಸಮಾಲೋಚಕರು ಮಾತಾಡುತ್ತಾರೆ. ವಿಷಯ ಗಂಭೀರ ಅನ್ನಿಸಿದರೆ ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ. ಮುಖತಃ ನೋಡಲೇಬೇಕಾದವರನ್ನು ಹತ್ತಿರದ ಆಸ್ಪತ್ರೆಗೆ ಜೋಡಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಇದರ ಆ್ಯಪ್ ಬಂತು. ವಿಡಿಯೊ ಸಮಾಲೋಚನೆಯನ್ನು ಪ್ರಯೋಗಕ್ಕೆ ಎತ್ತಿಕೊಂಡ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಫೋನಿನ ಆಚೆ ಜಿಲ್ಲೆ ಇದೆ. ‘ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ’ ಅನ್ನುವುದು ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯ ಜೊತೆ ಕೆಲಸ ಮಾಡುವ ಒಂದು ಸಣ್ಣ ತಂಡ: ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್‌ಗಳು, ದಾಖಲೆ ನೋಡಿಕೊಳ್ಳುವವರು. ಇದರ ಬೇರು ನಮ್ಮ ಬಳ್ಳಾರಿಯಲ್ಲಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಮಾತ್ರೆ ಸಿಗುವಂತೆ ಮಾಡಿ ನೋಡಿದರು. ಆ ‘ಬಳ್ಳಾರಿ ಮಾದರಿ’ಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಶುರುವಾಯಿತು. ಸಂದರ್ಶನದಲ್ಲಿ ಈ ಕಥೆ ಗೊತ್ತಿದ್ದರೆ ಒಳ್ಳೆಯದು, ಕೇಳುತ್ತಾರೆ.

ತಾಲ್ಲೂಕಿಗೆ ಬಂದರೆ ಮಂಗಳವಾರ ನೆನಪಿಟ್ಟುಕೊಳ್ಳಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುತ್ತಾರೆ. ಆಸ್ಪತ್ರೆಯಲ್ಲಿ ‘ಸೂಪರ್ ಟ್ಯೂಸ್‌ಡೇ’ ಅಂದರೂ ತಿಳಿಯುತ್ತದೆ. ದಿನವಿಡೀ ಆರೈಕೆ ಬೇಕಾದವರಿಗೆ ‘ಮಾನಸಧಾರ’ ಕೇಂದ್ರಗಳಿವೆ. ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ‘ಸಖಿ’ ಕೇಂದ್ರ, ಯುವಜನರಿಗೆ ‘ಯುವ ಸ್ಪಂದನ’. ಇವೆಲ್ಲ ಬೇರೆ ಬೇರೆ ಇಲಾಖೆಯವು. ಆದರೆ ಕೊನೆಗೆ ಎಲ್ಲ ಕಡೆಯೂ ಬಂದು ಕೂರುವುದು ಒಂದೇ ಥರದ ಮನುಷ್ಯ: ನಿದ್ದೆಗೆಟ್ಟು, ಮಾತು ಬರದೆ ಕೂತವನು.

ಈ ನಕ್ಷೆಯಲ್ಲಿ ಒಂದು ದೊಡ್ಡ ತೂತಿದೆ. ಫೋನ್ ಇದೆ, ಆಸ್ಪತ್ರೆ ಇದೆ. ನಡುವೆ ಮನೆಗೇ ಬಂದು ಸಮಾಧಾನ ಮಾಡುವ ತರಬೇತಾದ ತಂಡ ನಮ್ಮ ಹೆಚ್ಚಿನ ಊರುಗಳಲ್ಲಿ ಇಲ್ಲ. ಅಮೆರಿಕದಲ್ಲಿ 2022ರ ಜುಲೈನಲ್ಲಿ 988 ಸಂಖ್ಯೆ ಬಂದಾಗ ಅಲ್ಲಿನವರು ಮೂರು ಮಾತು ಹೇಳಿದರು: ಫೋನಿನಲ್ಲಿ ಮಾತಾಡಲು ಒಬ್ಬರು, ಇದ್ದಲ್ಲಿಗೆ ಬರಲು ಒಬ್ಬರು, ಹೋಗಿ ಇರಲು ಒಂದು ಜಾಗ. ನಮ್ಮಲ್ಲಿ ಆ ‘ಬರುವವರು’ ಯಾರು? 112ರ ಪೊಲೀಸರು, 108ರ ಆಂಬುಲೆನ್ಸ್, ಆಶಾ ಕಾರ್ಯಕರ್ತೆ, ಪಕ್ಕದ ಮನೆಯ ಅಣ್ಣ. ಅಂದರೆ ತರಬೇತಿ ಬೇಕಾಗಿರುವುದು ಡಿಗ್ರಿ ಇದ್ದವರಿಗೆ ಮಾತ್ರ ಅಲ್ಲ.

ಹೆಜ್ಜೆ 2: ನಿಮ್ಮ ಬಾಗಿಲು ಯಾವುದು ನೋಡಿಕೊಳ್ಳಿ

ಪಿಯುಸಿ ಆಗಿದೆ, ಡಿಗ್ರಿ ಇನ್ನೂ ಇಲ್ಲ ಅನ್ನುವವರು ಯುವ ಸ್ಪಂದನದ ಕಡೆ ನೋಡಿ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಕಾರ್ಯಕ್ರಮ ಇದು. ಸ್ಥಳೀಯ ಯುವಕ ಯುವತಿಯರನ್ನು ‘ಯುವ ಪರಿವರ್ತಕ’ರಾಗಿ ತರಬೇತಿಗೊಳಿಸುತ್ತಾರೆ. ಇದರಿಂದ ಜೀವನ ಸಾಗುವಷ್ಟು ದುಡ್ಡು ಬರುತ್ತದೆ ಅಂತ ಇಟ್ಟುಕೊಳ್ಳಬೇಡಿ. ಆದರೆ ಈ ಕೆಲಸ ನಿಮಗೆ ಹಿಡಿಸುತ್ತದಾ ಇಲ್ಲವಾ ಅಂತ ತಿಳಿಯಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ.

ನರ್ಸಿಂಗ್ ಓದಿದವರಿಗೆ ದಾರಿ ಎಲ್ಲರಿಗಿಂತ ಚಿಕ್ಕದು. ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮೇಲೆ ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಬಿಎಸ್‌ಸಿ ಆದವರು ಎರಡು ವರ್ಷದ ಎಂಎಸ್‌ಸಿ ಕೂಡ ಮಾಡಬಹುದು. ಜನ ಈ ದಾರಿಯನ್ನು ಯಾಕೋ ಕಡೆಗಣಿಸುತ್ತಾರೆ. ‘ಮೆಂಟಲ್ ವಾರ್ಡ್ ನರ್ಸ್’ ಅಂದರೆ ಮದುವೆ ಆಗಲ್ಲ ಅನ್ನುವ ತಾಯಂದಿರನ್ನು ನಾನೇ ನೋಡಿದ್ದೇನೆ. ಆದರೆ ಸರ್ಕಾರಿ, ಖಾಸಗಿ, ಹೊರದೇಶ ಅಂತ ಮೂರೂ ಕಡೆ ಬೇಡಿಕೆ ಇರುವ ಓದು ಇದು.

ಬಿಎ, ಬಿಎಸ್‌ಸಿಯಲ್ಲಿ ಮನಶ್ಶಾಸ್ತ್ರ ಓದುತ್ತಿರುವವರು, ಬಿಎಸ್‌ಡಬ್ಲ್ಯೂ (ಸಮಾಜಕಾರ್ಯದ ಪದವಿ) ಮಾಡಿದವರು ಮುಂದಿನ ಹೆಜ್ಜೆ ಓದಿ. ಈಗಾಗಲೇ ಶಿಕ್ಷಕರು, ಪೊಲೀಸರು, ಹಾಸ್ಟೆಲ್ ವಾರ್ಡನ್, ಪಿಡಿಓ ಆಗಿರುವವರಿಗೆ ನೌಕರಿ ಬಿಡುವ ಅಗತ್ಯ ಇಲ್ಲ. ಅವರಿಗೆ ಬೇಕಾದ್ದು ‘ಗೇಟ್‌ಕೀಪರ್’ ತರಬೇತಿ. ಅಪಾಯದ ಸುಳಿವು ಹಿಡಿಯುವುದು, ನೇರವಾಗಿ ಕೇಳುವುದು, ಸರಿಯಾದವರ ಹತ್ತಿರ ತಲುಪಿಸುವುದು, ಇಷ್ಟೇ ಅದರ ಪಾಠ. ನಿಮ್ಹಾನ್ಸ್‌ನ ಆತ್ಮಹತ್ಯೆ ತಡೆ ಕೇಂದ್ರ ಇಂಥ ತರಬೇತಿ ಕೊಡುತ್ತದೆ. ಕೆಲಸದಲ್ಲಿರುವ ವೈದ್ಯರು, ನರ್ಸ್‌ಗಳು, ಸೈಕಾಲಜಿಸ್ಟ್‌ಗಳು, ಸಮಾಜ ಕಾರ್ಯಕರ್ತರಿಗೆ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯ ಸಮುದಾಯ ಮಾನಸಿಕ ಆರೋಗ್ಯದ ಆನ್‌ಲೈನ್ ಕೋರ್ಸ್‌ಗಳು 2018ರಿಂದ ನಡೆಯುತ್ತಿವೆ.

ಹೆಜ್ಜೆ 3: ಕೋರ್ಸ್ ಸೇರುವ ಮುಂಚೆ ಎರಡು ಹೆಸರು ಬಾಯಿಪಾಠ ಮಾಡಿ

ಆರ್‌ಸಿಐ, ಎನ್‌ಸಿಎಎಚ್‌ಪಿ. ಇವೆರಡು ಗೊತ್ತಿಲ್ಲದೆ ಫೀಸು ಕಟ್ಟಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ಜಾಸ್ತಿ ಇದ್ದಾರೆ.

ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಹಾಕಿಕೊಳ್ಳಬೇಕಾದರೆ ಅವರು ಒಪ್ಪಿದ ಕೋರ್ಸ್ ಮುಗಿಸಿ ಅವರಲ್ಲಿ ನೋಂದಣಿ ಆಗಿರಬೇಕು. ಇಷ್ಟು ವರ್ಷ ಇದಕ್ಕೆ ಇದ್ದ ಮುಖ್ಯ ದಾರಿ ಎಂಎ ಅಥವಾ ಎಂಎಸ್‌ಸಿ ಮನಶ್ಶಾಸ್ತ್ರ ಮಾಡಿ, ಮೇಲೆ ಎರಡು ವರ್ಷದ ಎಂ.ಫಿಲ್. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಇದಕ್ಕೆ ಹೆಸರಾದವು. ಹೊಸ ಶಿಕ್ಷಣ ನೀತಿ ಎಂ.ಫಿಲ್ ಅನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡಕ್ಕೆ ಮಾತ್ರ ಯುಜಿಸಿ 2025-26ರ ತನಕ ಅವಕಾಶ ವಿಸ್ತರಿಸಿತ್ತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಪದವಿ, ಸ್ನಾತಕೋತ್ತರ ಕೋರ್ಸ್‌ಗಳನ್ನು ತರುತ್ತಿದೆ. ಆದ್ದರಿಂದ ನಿಮ್ಮ ಅಕ್ಕ ಐದು ವರ್ಷದ ಹಿಂದೆ ಹೋದ ದಾರಿಯೇ ಈಗಲೂ ಇದೆ ಅಂದುಕೊಳ್ಳಬೇಡಿ. ಅರ್ಜಿ ಹಾಕುವ ವಾರ ಆರ್‌ಸಿಐ ಜಾಲತಾಣದಲ್ಲಿ ಆ ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಮಾನ್ಯತೆ ಯಾವ ವರ್ಷದವರೆಗೆ ಅನ್ನುವ ಮೂರನ್ನೂ ಕಣ್ಣಾರೆ ನೋಡಿ. ಕಾಲೇಜಿನವರು ‘ಅಪ್ರೂವಲ್ ಬರ್ತಾ ಇದೆ’ ಅಂದರೆ ಬಂದ ಮೇಲೆ ಸೇರುತ್ತೇನೆ ಅನ್ನಿ.

ಎನ್‌ಸಿಎಎಚ್‌ಪಿ ಅಂದರೆ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗ, 2021ರ ಕಾಯ್ದೆಯಿಂದ ಬಂದದ್ದು. ಆರೋಗ್ಯ ಸಮಾಲೋಚಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟ್‌ಗಳು ಈ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ಇದರ ಒಂದು ಪರಿಣಾಮ ಬಹಳ ಜನಕ್ಕೆ ತಟ್ಟಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಬಾರದು ಎಂದು ಯುಜಿಸಿ ಹೇಳಿದೆ. ‘ಮನೆಯಲ್ಲೇ ಕೂತು ಎಂಎ ಸೈಕಾಲಜಿ’ ಅನ್ನುವ ಜಾಹೀರಾತು ಕಂಡರೆ ಈ ಮಾತು ನೆನಪಿರಲಿ.

ಸಮಾಜಕಾರ್ಯದ ದಾರಿ ನನ್ನ ಮಟ್ಟಿಗೆ ಹೆಚ್ಚು ಗಟ್ಟಿ. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಲ್ಲಿ ವಾರಕ್ಕೆ ಎರಡು ದಿನ ಆಸ್ಪತ್ರೆಯೋ ಸಮುದಾಯವೋ ಸುತ್ತಲೇಬೇಕು. ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸುತ್ತಿದೆ. ಈಗ ರಾಜ್ಯದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಎಂಎಸ್‌ಡಬ್ಲ್ಯೂ ಇದೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಶೇಷ ವಿಷಯ ಇರುವ ಕಡೆ ಸೇರಿ. ಫೀಲ್ಡ್‌ವರ್ಕ್‌ಗೆ ಕಳಿಸುವ ಜಾಗ ಯಾವುದು ಅಂತ ಪ್ರವೇಶಕ್ಕೆ ಮುಂಚೆ ಸೀನಿಯರ್‌ಗಳನ್ನು ಕೇಳಿ. ಎರಡು ವರ್ಷ ಬರೀ ಸರ್ವೆ ಫಾರಂ ತುಂಬಿಸಿ ಕಳಿಸುವ ಕಾಲೇಜುಗಳೂ ಇವೆ.

ಮೂರು ತಿಂಗಳ, ಆರು ತಿಂಗಳ ಕೌನ್ಸೆಲಿಂಗ್ ಸರ್ಟಿಫಿಕೇಟ್ ಕೋರ್ಸ್‌ಗಳ ಬಗ್ಗೆ ಒಂದು ಮಾತು. ಕೌಶಲ ಕಲಿಯಲು ಸರಿ. ಆದರೆ ಸರ್ಕಾರಿ ಹುದ್ದೆಗೆ ಅದೊಂದೇ ಸಾಲದು. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ನನ್ನ ಸಮಾಲೋಚನೆಯನ್ನು ಯಾರಾದರೂ ಕೂತು ನೋಡಿ, ತಪ್ಪು ಹೇಳುತ್ತಾರಾ? ಎಷ್ಟು ಗಂಟೆ?’ ಉತ್ತರ ಸರಿಯಾಗಿ ಬರದಿದ್ದರೆ ಎದ್ದು ಬನ್ನಿ.

ಹೆಜ್ಜೆ 4: ಕನ್ನಡದಲ್ಲಿ ಕೇಳುವುದನ್ನು ಕಲಿಯಿರಿ

ಇದು ಯಾವ ಕೋರ್ಸ್‌ನಲ್ಲೂ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಕಲಿತದ್ದು ಇಂಗ್ಲಿಷ್‌ನಲ್ಲಿ. ಮೊದಲ ಸಲ ಕನ್ನಡದಲ್ಲಿ ಕೇಳಬೇಕಾದಾಗ ಬಾಯಿಗೆ ಬಂದದ್ದು ‘ನಿಮಗೆ ಆತ್ಮಹತ್ಯಾ ಆಲೋಚನೆಗಳು ಬರುತ್ತಿವೆಯೇ?’ ಅನ್ನುವ ವಾಕ್ಯ. ಎದುರಿಗಿದ್ದ ಅಜ್ಜಿ ‘ಏನಪ್ಪಾ ಅದು?’ ಅಂದರು. ಆಮೇಲೆ ಹಿರಿಯ ನರ್ಸ್ ಒಬ್ಬರು ಬಂದು ‘ಅವ್ವಾ, ಈ ಜೀವ ಇದ್ದರೆಷ್ಟು ಹೋದರೆಷ್ಟು ಅನ್ನಿಸ್ತದಾ?’ ಅಂದರು. ಅಜ್ಜಿ ಕಣ್ಣೊರೆಸಿಕೊಂಡು ಮಾತು ಶುರು ಮಾಡಿದರು.

ನಮ್ಮ ಜನ ‘ಡಿಪ್ರೆಶನ್’ ಅಂತ ಹೇಳಿಕೊಂಡು ಬರುವುದು ಕಡಿಮೆ. ಧಾರವಾಡದ ಕಡೆ ‘ಜೀವ ಬ್ಯಾಸರಾಗೈತಿ’ ಅನ್ನುತ್ತಾರೆ. ಕಲಬುರಗಿಯಲ್ಲಿ ‘ತ್ರಾಸ್’ ಅನ್ನುವ ಒಂದೇ ಪದ ಹೊಟ್ಟೆನೋವಿಗೂ ಆಗುತ್ತದೆ, ಬದುಕಿನ ನೋವಿಗೂ ಆಗುತ್ತದೆ. ಕರಾವಳಿಯಲ್ಲಿ ‘ಮಂಡೆ ಬಿಸಿ’. ‘ಬೇಜಾರು’ ಅನ್ನುವುದು ಬೆಂಗಳೂರಿನ ಹುಡುಗನ ಬಾಯಲ್ಲಿ ಬೋರ್ ಆಗಿರಬಹುದು, ಇನ್ನೊಬ್ಬರ ಬಾಯಲ್ಲಿ ಒಂದು ವರ್ಷದ ದುಃಖ. ಎದೆ ಭಾರ, ಕೈಕಾಲು ಸೋಲು, ತಲೆಯಲ್ಲಿ ಏನೋ ಹರಿದಾಡಿದ ಹಾಗೆ, ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ. ಇವನ್ನು ಕೇಳಿ ನಗಬಾರದು, ತಿದ್ದಲೂಬಾರದು. ಅವರ ಪದವನ್ನೇ ಎತ್ತಿಕೊಂಡು ಕೇಳಬೇಕು: ‘ಎದೆ ಭಾರ ಅಂದ್ರಲ್ಲ, ರಾತ್ರಿ ಜಾಸ್ತಿನಾ, ಬೆಳಗ್ಗೆನಾ?’

ಅಪಾಯದ ಮಾತುಗಳು ನಮ್ಮಲ್ಲಿ ಸುತ್ತು ಬಳಸಿ ಬರುತ್ತವೆ. ‘ನನ್ನಿಂದ ಎಲ್ಲರಿಗೂ ಭಾರ’, ‘ದೇವರು ಬೇಗ ಕರ್ಕೊಂಡ್ರೆ ಸಾಕು’, ‘ಇನ್ನು ನಿಮಗೆ ತೊಂದರೆ ಕೊಡಲ್ಲ’, ‘ಮಕ್ಕಳನ್ನ ನೋಡ್ಕೊಳ್ಳಿ’. ಮನೆಯವರು ಫೋನ್ ಮಾಡಿದರೆ ‘ಏನಾದ್ರೂ ಹೆಚ್ಚುಕಮ್ಮಿ ಮಾಡ್ಕೊಂಡ್ಬಿಟ್ಟಾನು ಅಂತ ಭಯ’ ಅನ್ನುತ್ತಾರೆ. ಇಂಥ ಮಾತು ಕಿವಿಗೆ ಬಿದ್ದರೆ ನೇರ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ಬೇಡ, ಅದು ಸುಳ್ಳು. ಕೇಳಿದ ಮೇಲೆ ಬಹಳ ಜನಕ್ಕೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗುತ್ತದೆ. ಆದರೆ ‘ಕೆಟ್ಟ ಯೋಚನೆ ಏನೂ ಇಲ್ಲ ತಾನೇ?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ‘ಇಲ್ಲ’ ಅನ್ನುವ ಉತ್ತರ ನೀವೇ ಕೊಟ್ಟುಬಿಟ್ಟಿರಿ. ‘ಕೆಟ್ಟ’ ಅಂದು ತೀರ್ಪೂ ಆಯಿತು.

‘ಹೌದು’ ಅಂದರೆ ಮುಂದಿನದು ಕೇಳಿ. ಹೇಗೆ ಅಂತ ಯೋಚಿಸಿದ್ದೀರಾ? ಅದು ಈಗ ಕೈಗೆ ಸಿಗುವ ಹಾಗಿದೆಯಾ? ಹಿಂದೆ ಯಾವಾಗಾದರೂ ಹೀಗೆ ಮಾಡಿಕೊಂಡಿದ್ದಿರಾ? ಈಗ ಜೊತೆಗೆ ಯಾರಿದ್ದಾರೆ? ಕುಡಿದಿದ್ದೀರಾ? ಈ ಉತ್ತರಗಳ ಮೇಲೆ ಮುಂದಿನ ನಡೆ ನಿಲ್ಲುತ್ತದೆ. ಅಪಾಯ ಹತ್ತಿರದಲ್ಲೇ ಇದ್ದರೆ ಒಬ್ಬರನ್ನೇ ಬಿಡಬಾರದು, ಮನೆಯವರೊಬ್ಬರನ್ನು ಮಾತಿಗೆ ತರಬೇಕು, 112 ಅಥವಾ 108 ಕರೆಸಬೇಕು, ಮೇಲಿನವರಿಗೆ ತಿಳಿಸಬೇಕು. ಇದನ್ನು ಕರೆ ಮಾಡಿದವರಿಗೆ ಹೇಳಿಯೇ ಮಾಡಿ. ಬೆನ್ನ ಹಿಂದೆ ಮಾಡಿದರೆ ಅವರು ಇನ್ನೊಮ್ಮೆ ಫೋನ್ ಮಾಡುವುದಿಲ್ಲ.

ಬಾಯಿಗೆ ತಾನಾಗಿ ಬರುವ ಕೆಲವು ಮಾತುಗಳನ್ನು ನುಂಗಿಕೊಳ್ಳಲು ಕಲಿಯಬೇಕು. ‘ಧೈರ್ಯ ತಂದ್ಕೊಳ್ಳಿ’, ‘ಇಷ್ಟಕ್ಕೆಲ್ಲಾ ಯಾರಾದ್ರೂ ಹೀಗೆ ಮಾಡ್ತಾರಾ’, ‘ಮಕ್ಕಳ ಮುಖ ನೋಡಿ’. ಕೊನೆಯದು ಒಳ್ಳೆಯ ಮನಸ್ಸಿನಿಂದ ಬಂದದ್ದೇ. ಆದರೆ ಮಕ್ಕಳಿಗೆ ತಾನು ಭಾರ ಅಂತ ನಂಬಿದ ತಾಯಿಗೆ ಅದು ಇನ್ನೊಂದು ಏಟು.

ಅಭ್ಯಾಸ ಹೇಗೆ? ಮೂವರು ಗೆಳೆಯರು ಸೇರಿ. ಒಬ್ಬರು ಕರೆ ಮಾಡುವವರು, ಒಬ್ಬರು ಕೇಳುವವರು, ಮೂರನೆಯವರು ಸುಮ್ನೆ ಕೂತು ಗೀಟು ಹಾಕುವವರು. ಹತ್ತು ನಿಮಿಷ. ಮೂರನೆಯವರು ಎಣಿಸಬೇಕಾದ್ದು: ಕೇಳುವವರು ಎಷ್ಟು ಸಲ ಸಲಹೆ ಕೊಟ್ಟರು, ಎಷ್ಟು ಸಲ ಮಾತಿನ ನಡುವೆ ಬಾಯಿ ಹಾಕಿದರು, ಕರೆ ಮಾಡಿದವರ ಪದವನ್ನೇ ಎಷ್ಟು ಸಲ ತಿರುಗಿ ಬಳಸಿದರು. ಮೊದಲ ದಿನ ಸಲಹೆಯ ಗೀಟೇ ಹಾಳೆ ತುಂಬಿರುತ್ತದೆ, ನೋಡಿ. ಮೌನವನ್ನೂ ಅಭ್ಯಾಸ ಮಾಡಿ. ಗಡಿಯಾರ ನೋಡಿಕೊಂಡು ಇಪ್ಪತ್ತು ಸೆಕೆಂಡ್ ಮಾತಾಡದೆ ಕೂತು, ಆಮೇಲೆ ‘ನಾನು ಇಲ್ಲೇ ಇದ್ದೀನಿ, ನಿಧಾನ ಹೇಳಿ’ ಅನ್ನಿ. ಇಪ್ಪತ್ತು ಸೆಕೆಂಡ್ ಎಷ್ಟು ಉದ್ದ ಅಂತ ಅವತ್ತು ಗೊತ್ತಾಗುತ್ತದೆ. ಇನ್ನೊಂದು: ‘ಸರ್’, ‘ಮೇಡಂ’ ಅನ್ನಬೇಕಾ, ‘ಅಕ್ಕ’, ‘ಅಣ್ಣ’ ಅನ್ನಬೇಕಾ ಅನ್ನುವ ಗೊಂದಲ ಎಲ್ಲರಿಗೂ ಬರುತ್ತದೆ. ‘ನಿಮ್ಮನ್ನ ಏನಂತ ಕರೀಲಿ?’ ಅಂತ ಕೇಳಿಬಿಡಿ. ಅಲ್ಲಿಗೆ ಮುಗಿಯಿತು.

ಸುರಕ್ಷತಾ ಯೋಜನೆ ಬರೆಯುವುದನ್ನೂ ಕಲಿಯಿರಿ. ಒಂದು ಹಾಳೆಯಲ್ಲಿ ಆರು ವಿಷಯ: ಮನಸ್ಸು ಕೆಡುವ ಮುಂಚೆ ಕಾಣುವ ಸುಳಿವು, ತಾನೇ ಮಾಡಿಕೊಳ್ಳಬಹುದಾದ ಸಮಾಧಾನ, ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಇಬ್ಬರು, ವೈದ್ಯರು ಮತ್ತು 14416, ಕೊನೆಗೆ ಮನೆಯಲ್ಲಿನ ಅಪಾಯದ ವಸ್ತುಗಳನ್ನು ಯಾರ ಕೈಗೆ ಕೊಡುವುದು. ರೈತರ ಮನೆಗಳಲ್ಲಿ ಈ ಆರನೆಯದು ಎಲ್ಲಕ್ಕಿಂತ ಮುಖ್ಯ. ಹೊಲಕ್ಕೆ ತಂದ ಔಷಧಿ ಮನೆಯೊಳಗೆ ಇರಬಾರದು, ಬೀಗದ ಕೈ ಬೇರೆಯವರ ಹತ್ತಿರ ಇರಬೇಕು. ಬರೆಯುವಾಗ ಅವರ ಮಾತಿನಲ್ಲೇ ಬರೆಯಿರಿ. ‘ದೇವಸ್ಥಾನದ ಕಟ್ಟೆ ಮೇಲೆ ಕೂರೋದು’ ಅಂದರೆ ಅದನ್ನೇ ಬರೆಯಿರಿ. ‘ವಿಶ್ರಾಂತಿ ತಂತ್ರ’ ಅಂತ ಬರೆದರೆ ರಾತ್ರಿ ಆ ಹಾಳೆಯನ್ನು ಯಾರೂ ತೆಗೆಯುವುದಿಲ್ಲ.

ಹೆಜ್ಜೆ 5: ಕಾನೂನು ಇಷ್ಟಾದರೂ ಗೊತ್ತಿರಲಿ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರಲ್ಲಿ. ಕೆಲಸಕ್ಕೆ ಬೇಕಾದ ನಾಲ್ಕು ಕಲಂ ಹೇಳುತ್ತೇನೆ. ಕಲಂ 115ರ ಪ್ರಕಾರ ಜೀವ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಕೊಡಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಆದರೂ ‘ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಪ್ರಕರಣ) ಆಗುತ್ತೆ, ಪೊಲೀಸ್ ಬರ್ತಾರೆ’ ಅಂತ ಹೆದರಿ ಆಸ್ಪತ್ರೆಗೆ ತಡ ಮಾಡುವ ಮನೆಗಳು ಈಗಲೂ ಇವೆ. ಅವರಿಗೆ ಈ ಕಲಂ ಸರಳವಾಗಿ ಹೇಳಲು ಬರಬೇಕು.

ಕಲಂ 94ರ ಅಡಿ ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ‘ನಮ್ಮಲ್ಲಿ ಮನೋವೈದ್ಯರಿಲ್ಲ’ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದರೆ ಈ ಕಲಂ ಹೇಳಿ. ಕಲಂ 100 ಪೊಲೀಸರಿಗೆ. ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ಲಾಕಪ್‌ಗೆ ಹಾಕದೆ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕಲಂ 23 ಗುಟ್ಟು ಕಾಪಾಡುವುದರ ಬಗ್ಗೆ. ಜೀವಕ್ಕೆ ಅಪಾಯ ಇದ್ದಾಗ ಅದಕ್ಕೆ ವಿನಾಯಿತಿ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ‘ಯಾರಿಗೂ ಹೇಳಲ್ಲ’ ಅಂತ ಮೊದಲೇ ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳಬೇಡಿ.

ಹೆಜ್ಜೆ 6: ಓದಿಗೆ ದುಡ್ಡು

ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಹಲವು ತರಬೇತಿ ಸೀಟುಗಳಿಗೆ ಸ್ಟೈಪೆಂಡ್ ಇರುತ್ತದೆ. ಪ್ರವೇಶ ಪರೀಕ್ಷೆಗೆ ಒಂದು ವರ್ಷ ಗಟ್ಟಿಯಾಗಿ ಓದುವುದು ಖಾಸಗಿ ಕಡೆ ಲಕ್ಷಗಟ್ಟಲೆ ಕಟ್ಟುವುದಕ್ಕಿಂತ ವಾಸಿ. ಸೀಟು ಕಡಿಮೆ ನಿಜ. ಎರಡನೇ ಸಲಕ್ಕೆ ಸಿಕ್ಕವರು ಬೇಕಾದಷ್ಟಿದ್ದಾರೆ.

ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮುಖ್ಯ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ಹತ್ತು ತಿಂಗಳು ಸಿಗುವ ವಿದ್ಯಾಸಿರಿ, ಎರಡಕ್ಕೂ ಅಲ್ಲೇ ಅರ್ಜಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ನಿಗದಿ ಮಾಡಿದ್ದರು. ಅಲ್ಪಸಂಖ್ಯಾತ ಸಮುದಾಯದವರಿಗೆ ‘ಅರಿವು’ ಸಾಲ ಇದೆ, ವೃತ್ತಿಪರ ಕೋರ್ಸ್ ಆಗಿರಬೇಕು. ಅಪ್ಪ ಅಮ್ಮ ಕಟ್ಟಡ ಕಾರ್ಮಿಕರಾಗಿದ್ದರೆ ಅವರ ಲೇಬರ್ ಕಾರ್ಡಿನ ಮೇಲೆ ಶೈಕ್ಷಣಿಕ ಸಹಾಯಧನ ಕೇಳಬಹುದು. ಯೋಜನೆಗಳ ನಿಯಮ ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರ ಜೊತೆ ಸ್ನೇಹ ಇಟ್ಟುಕೊಳ್ಳಿ. ತಮಾಷೆ ಅಲ್ಲ. ಆಧಾರ್ ಜೋಡಣೆ ಆಗದೆ ದುಡ್ಡು ನಿಂತಾಗ ದಾರಿ ತೋರಿಸುವವರು ಅವರೇ.

ಹೆಜ್ಜೆ 7: ನೌಕರಿ ಎಲ್ಲಿ ಕಾಣುತ್ತದೆ, ಹೇಗಿರುತ್ತದೆ

ಟೆಲಿ ಮಾನಸ್ ಸಮಾಲೋಚಕ ಹುದ್ದೆಗಳು ನಿಮ್ಹಾನ್ಸ್‌ನ ಮತ್ತು ರಾಜ್ಯ ಆರೋಗ್ಯ ಇಲಾಖೆಯ ಜಾಲತಾಣದಲ್ಲಿ ಬರುತ್ತವೆ. ಹೆಚ್ಚಾಗಿ ಕೇಳುವುದು ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಜಿಲ್ಲಾ ತಂಡದ ಹುದ್ದೆಗಳು ಡಿಎಚ್‌ಓ ಕಚೇರಿಯಿಂದ, ‘ಮೆರಿಟ್ ಕಂ ರೋಸ್ಟರ್’ (ಅಂಕ ಮತ್ತು ಮೀಸಲಾತಿ ಸರದಿ) ಆಧಾರದಲ್ಲಿ, ಗುತ್ತಿಗೆ ಮೇಲೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣದಾಗಿ ಬಂದು ವಾರದೊಳಗೆ ನೇರ ಸಂದರ್ಶನ ಇರುವುದುಂಟು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅನುಭವ ಪತ್ರಗಳ ಎರಡು ಸೆಟ್ ಯಾವಾಗಲೂ ಸಿದ್ಧವಿರಲಿ.

ಗುತ್ತಿಗೆ ಅಂದರೆ ಗುತ್ತಿಗೆಯೇ. ವರ್ಷ ವರ್ಷ ನವೀಕರಣ, ಸಂಬಳ ಎರಡು ತಿಂಗಳು ತಡವಾಗುವುದೂ ಇದೆ. ಒಂದು ಕಡೆ ನಾನು ಕೆಲಸ ಮಾಡುವಾಗ ಮಾರ್ಚ್ ಸಂಬಳ ಜೂನ್‌ನಲ್ಲಿ ಬಂತು. ಮನೆಯ ಹೊಣೆ ಇರುವವರು ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಿ. ಯಾಕೆ ಹೀಗೆ ಅಂತ ಕೇಳಿದರೆ ಹಣ ಬರುವ ದಾರಿ ನೋಡಬೇಕು. ಜಿಲ್ಲಾ ಕಾರ್ಯಕ್ರಮ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿ ನಡೆಯುತ್ತದೆ, ಕೇಂದ್ರ 60, ರಾಜ್ಯ 40ರ ಪಾಲು. ಒಂದು ಜಿಲ್ಲೆಗೆ ವರ್ಷಕ್ಕೆ ಗರಿಷ್ಠ 83.2 ಲಕ್ಷ ರೂಪಾಯಿ ಅಂತ ಮಿತಿ ಇಟ್ಟದ್ದು. ಟೆಲಿ ಮಾನಸ್‌ಗೆ ಕೇಂದ್ರ ಬಜೆಟ್‌ನಲ್ಲಿ 2023-24ರಲ್ಲಿ ಸುಮಾರು 134 ಕೋಟಿ ಇಟ್ಟಿದ್ದರು, 2024-25ಕ್ಕೆ ಅದು 90 ಕೋಟಿಗೆ ಇಳಿಯಿತು. ಸೇವೆಗೆ ಬೇಡಿಕೆ ಏರುವಾಗ ಹಣ ಇಳಿದರೆ ಹೊರೆ ಬೀಳುವುದು ಹೆಡ್‌ಫೋನ್ ಹಾಕಿಕೊಂಡು ಕೂತವರ ಮೇಲೆ.

ಬೇರೆ ಕಡೆಗಳೂ ಇವೆ. ಸಖಿ ಕೇಂದ್ರ, ಸ್ನೇಹ ಕ್ಲಿನಿಕ್, ವ್ಯಸನಮುಕ್ತಿ ಕೇಂದ್ರ, ಕಾಲೇಜು ಹಾಸ್ಟೆಲ್, ಬೆಂಗಳೂರಿನ ಕಂಪನಿಗಳಿಗೆ ಸಮಾಲೋಚನೆ ಕೊಡುವ ಸಂಸ್ಥೆಗಳು. ಕೊನೆಯದರಲ್ಲಿ ಸಂಬಳ ಚೆನ್ನಾಗಿರುತ್ತದೆ, ಕನ್ನಡದ ಕೆಲಸ ಕಡಿಮೆ. ಮೊದಲ ಎರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲೋ ಸಹಾಯವಾಣಿಯಲ್ಲೋ ಕಳೆಯಿರಿ ಅನ್ನುವುದು ನನ್ನ ಸಲಹೆ. ಅಷ್ಟು ಥರದ ಜನ ಇನ್ನೆಲ್ಲೂ ಸಿಗುವುದಿಲ್ಲ.

ಹೆಜ್ಜೆ 8: ನಿಮ್ಮ ಊರಲ್ಲೇ ಒಂದು ಸೇವೆ ಶುರು ಮಾಡಬೇಕೆಂದರೆ

ಮೊದಲು ಸಹಾಯವಾಣಿ ತೆರೆಯುವ ಆಸೆ ಬಿಡಿ. 24 ಗಂಟೆ ನಡೆಸಲು ಆಗದ ಸಂಖ್ಯೆ ಇಲ್ಲದಿರುವುದೇ ಮೇಲು. ಅದರ ಬದಲು 14416 ಮತ್ತು ನಿಮ್ಮ ತಾಲ್ಲೂಕಿನ ನಡುವಿನ ಕೊಂಡಿ ಆಗಿ: ಮಂಗಳವಾರದ ಕ್ಲಿನಿಕ್‌ಗೆ ಜನರನ್ನು ಕರೆತರುವುದು, ಮಾತ್ರೆ ಬಿಟ್ಟವರ ಮನೆಗೆ ಹೋಗಿ ಬರುವುದು, ಶಿಕ್ಷಕರಿಗೆ ಮತ್ತು ಗೊಬ್ಬರದ ಅಂಗಡಿಯವರಿಗೆ ಗೇಟ್‌ಕೀಪರ್ ತರಬೇತಿ.

ಹಣಕ್ಕೆ ದಾರಿ ಎರಡು. ಒಂದು, ಡಿಎಚ್‌ಓ ಕಚೇರಿಯ ವಾರ್ಷಿಕ ಯೋಜನೆ. ಅದನ್ನು ಪಿಐಪಿ ಅನ್ನುತ್ತಾರೆ. ಹಣಕಾಸು ವರ್ಷ ಶುರುವಾಗುವ ತಿಂಗಳುಗಳ ಮುಂಚೆಯೇ ಹೋಗಿ ಕೂತು ಮಾತಾಡಿ. ಏಪ್ರಿಲ್‌ನಲ್ಲಿ ಹೋದರೆ ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. ಎರಡು, ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಯ ಹಣ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ಲಾಭ, ಇವುಗಳಲ್ಲಿ ಒಂದು ದಾಟಿದ ಕಂಪನಿ ಲಾಭದ ಸರಾಸರಿಯ 2 ಶೇಕಡಾ ಸಮಾಜಕ್ಕೆ ಖರ್ಚು ಮಾಡಬೇಕು. ಆರೋಗ್ಯ ಆ ಪಟ್ಟಿಯಲ್ಲಿದೆ. ನಿಮ್ಮ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ಮತ್ತು ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇಲ್ಲದಿದ್ದರೆ ಮಾತು ಮುಂದೆ ಹೋಗುವುದಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್, ಮರಿವಾಲಾ ಹೆಲ್ತ್ ಇನಿಶಿಯೇಟಿವ್‌ನಂಥವು ಈ ಕ್ಷೇತ್ರಕ್ಕೆ ಹಣ ಕೊಟ್ಟಿವೆ. ಅರ್ಜಿಯಲ್ಲಿ ಎಷ್ಟು ಜನಕ್ಕೆ ‘ಜಾಗೃತಿ ಮೂಡಿಸಿದಿರಿ’ ಅಂತ ಬರೆಯುವುದಕ್ಕಿಂತ ಎಷ್ಟು ಜನ ಎರಡನೇ ಸಲ ಕ್ಲಿನಿಕ್‌ಗೆ ಬಂದರು ಅಂತ ಬರೆಯಿರಿ. ಮೇಲ್ವಿಚಾರಕರ ಸಂಬಳವನ್ನು ಬಜೆಟ್‌ನಿಂದ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅನುಭವಸ್ಥರು ಬೆನ್ನಿಗಿಲ್ಲದೆ ಹೊಸ ಹುಡುಗರನ್ನು ಈ ಕೆಲಸಕ್ಕೆ ಬಿಡುವುದು ಈಜು ಬರದವರನ್ನು ಕೆರೆಗೆ ತಳ್ಳಿದ ಹಾಗೆ.

ಹೆಜ್ಜೆ 9: ಶಿಫ್ಟ್ ಮುಗಿದ ಮೇಲೆ

ಕೆಲಸಕ್ಕೆ ಸೇರುವ ದಿನವೇ ಮೂರು ಪ್ರಶ್ನೆ ಕೇಳಿ. ಗಂಭೀರ ಕರೆ ಬಂದಾಗ ತಕ್ಷಣ ಯಾರನ್ನು ಕರೆಯಬೇಕು, ರಾತ್ರಿಯೂ ಅವರು ಸಿಗುತ್ತಾರಾ? ವಾರಕ್ಕೆ ಎಷ್ಟು ಹೊತ್ತು ಮೇಲ್ವಿಚಾರಕರ ಜೊತೆ ಕರೆಗಳ ಚರ್ಚೆ? ಕರೆ ಮಾಡಿದವರು ತೀರಿಕೊಂಡರು ಅಂತ ತಿಳಿದರೆ ಮರುದಿನ ರಜೆ ಇದೆಯಾ? ಮೂರನೆಯದನ್ನು ಕೇಳಲು ಮುಜುಗರ ಆಗುತ್ತದೆ. ಕೇಳಿ.

ಭಾಷೆಯ ಒಂದು ಸಣ್ಣ ವಿಷಯವೂ ಇಲ್ಲಿ ಸೇರುತ್ತದೆ. ದಾಖಲೆ ಬರೆಯುವಾಗ, ಮನೆಯವರ ಜೊತೆ ಮಾತಾಡುವಾಗ ‘ಆತ್ಮಹತ್ಯೆ ಮಾಡಿಕೊಂಡ’ ಅನ್ನುವ ಬದಲು ‘ಆತ್ಮಹತ್ಯೆಯಿಂದ ತೀರಿಕೊಂಡರು’, ಇಲ್ಲವೇ ಸುಮ್ನೆ ‘ತೀರಿಕೊಂಡರು’ ಅನ್ನಿ. ‘ಹತ್ಯೆ’ ಅನ್ನುವ ಪದದಲ್ಲೇ ಅಪರಾಧ ಕೂತಿದೆ. ‘ಮಾಡಿಕೊಂಡ’ ಅನ್ನುವುದು ಅದನ್ನು ಅವರ ತಲೆಗೇ ಕಟ್ಟುತ್ತದೆ.

ಶಿಫ್ಟ್ ಬಿಡುವಾಗ ಬರುವವರಿಗೆ ಮೂರು ಸಾಲು ಬರೆದಿಟ್ಟು ಹೋಗಿ: ಯಾರಿಗೆ ತಿರುಗಿ ಫೋನ್ ಮಾಡಬೇಕು, ಎಷ್ಟು ಹೊತ್ತಿಗೆ, ಅವರನ್ನು ಏನಂತ ಕರೆಯಬೇಕು. ‘ನಾಳೆ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡ್ತೀವಿ’ ಅಂತ ರಾತ್ರಿ ಹೇಳಿದ್ದರೆ, ಹತ್ತಕ್ಕೆ ಫೋನ್ ಹೋಗಬೇಕು. ಹತ್ತೂಕಾಲಿಗಲ್ಲ.